ಪುಟಿಯದ ಚೆಂಡು, ಗ್ರೀಸಿನ ಆಟಗಾರ

ಮದ್ದೂರಿನ ನಮ್ಮ ಮನೆ ಮುಂದೆ ಕಾರು ಪಂಕ್ಚರ್ ಆಗಿ, ಎತ್ತರದ ಬಿಳಿಯನೊಬ್ಬ ಕೆಳಗಿಳಿದ. ಎಪ್ಪತ್ತರ ದಶಕ, ನಾನು ಹೊಸ ಸೊಸೆ. ಅಂಗಳದಲ್ಲಿ ನಾದಿನಿಯ ಜೊತೆ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದೆ. "ಇವತ್ತೇ ಕೊನೆ, ನಾಳಿಕೆ ಆ ಬ್ಯಾಟು ಒಲೆಗೆ ಆಕ್ತೀನಿ" ಎಂದು ಅತ್ತೆ ಆಗಷ್ಟೇ ಗದರಿದ್ದರು.

"ಗ್ರೀಸ್ ದೇಸದ ಟೆನಿಸ್ ಆಟಗಾರ್ರು ಕಣವ್ವ. ದೇಸಕ್ಕೇ ಆಡವ್ರೆ, ಕಪ್ ಮೇಲೆ ಕಪ್ ಗೆದ್ದವ್ರೆ" ಎಂದ ಡ್ರೈವರ್. ನಾದಿನಿ ತನ್ನ ಬ್ಯಾಟನ್ನು ಆತನ ಕೈಗೆ ಕೊಟ್ಟೇಬಿಟ್ಟಳು.

ನಾನು ಹೊಡೆದ ಉಣ್ಣೆ ಚೆಂಡು ನೆಲಕ್ಕೆ ಬಿದ್ದು ಪುಟಿಯಲಿ ಎಂದು ಆತ ಕಾದ. ಅದು ಬಿದ್ದಲ್ಲೇ ಕೂತಿತು. ಮತ್ತೆ ಹೊಡೆದೆ, ಮತ್ತೆ ಕಾದ.

ಅತ್ತೆಗೆ ತಡೆಯಲಾಗಲಿಲ್ಲ. "ಅದು ನೆಗಿಯಾಕಿಲ್ಲ ಕಣಪ್ಪಾ, ಬೀಳಾಕ್ ಮುಂಚೆ ಹೊಡಿ! ನೀ ಬುಡಬ್ಯಾಡ ಕಣಮ್ಮಿ, ಸೋಲ್ಸು!"

ಚಕ್ರ ಬದಲಿಸುವಷ್ಟರಲ್ಲಿ ಸೋತಿದ್ದ ಆತ ನಗುತ್ತಾ ಕೈಮುಗಿದು ಹೊರಟ. ಮರುದಿನ ಸಂಜೆ ನಾದಿನಿಯನ್ನು ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿ ನನ್ನೆದುರು ನಿಂತವರು ಅತ್ತೆಯೇ. ಗ್ರೀಸಿನವನನ್ನು ಸೋಲಿಸಿದ ನಾನು ಅವರೆದುರು ಒಂದು ದಿನವೂ ಗೆಲ್ಲಲಿಲ್ಲ.