ಮನೆಯಲ್ಲಿ ನಾವೇ ಹೇಳುತ್ತೇವೆ

ಶಾಲೆಯಿಂದ ಬಂದ ಚೀಟಿ ಅಂಗೈಯಷ್ಟೇ ಇತ್ತು. ಐದನೇ ತರಗತಿಗೆ ದೇಹದ ಬೆಳವಣಿಗೆ, ಮುಟ್ಟು ಇವುಗಳ ಬಗ್ಗೆ ಒಂದು ಪಾಠ ಮಾಡುತ್ತೇವೆ, ಒಪ್ಪಿಗೆ ಇಲ್ಲದವರು ಕಾರಣ ಬರೆಯಿರಿ ಎಂದಿತ್ತು. ನಮ್ಮ ಬಡಾವಣೆ ಗೋಪಾಳದ ಆ ಶಾಲೆಯ ಪೋಷಕರ ಸಭೆಯಲ್ಲಿ ಮೊದಲು ಎದ್ದು ನಿಂತವಳು ನಾನು.

"ಇಷ್ಟು ಸಣ್ಣ ಮಕ್ಕಳಿಗೆ ಇದೆಲ್ಲ ಯಾಕೆ ಮಿಸ್? ಅದೂ ಗಂಡುಹುಡುಗರ ಜೊತೆ ಕೂರಿಸ್ಕೊಂಡು?"

"ಮೊದ್ಲು ಮಗ್ಗಿ ಕಲಿಸ್ಲಿ ಬಿಡಿ," ಎಂದರು ಹಿಂದಿನ ಬೆಂಚಿನ ತಂದೆಯೊಬ್ಬರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚೀಟಿಯಲ್ಲಿ 'ಮನೆಯಲ್ಲಿ ನಾವೇ ಹೇಳುತ್ತೇವೆ' ಎಂದು ಬರೆದೆ. ಪಕ್ಕದಲ್ಲಿದ್ದ ಇಬ್ಬರು ತಾಯಂದಿರು ನನ್ನದನ್ನು ನೋಡಿ ಹಾಗೆಯೇ ಬರೆದುಕೊಂಡರು. ಪಾಠದ ದಿನ ನಮ್ಮ ಮೂವರು ಹುಡುಗಿಯರನ್ನು ಲೈಬ್ರರಿಯಲ್ಲಿ ಕೂರಿಸಿದರು.

ನಾನು ಹೇಳಲಿಲ್ಲ. ಎರಡು ಸಲ ಬಾಯಿ ತೆರೆದೆ. ಒಮ್ಮೆ ಕುಕ್ಕರ್ ಕೂಗಿತು. ಇನ್ನೊಮ್ಮೆ ಏನೂ ಕೂಗಲಿಲ್ಲ, ನಾನೇ ಎದ್ದು ಹೋದೆ.

ದಸರಾ ರಜೆ ಮುಗಿದ ವಾರ ಮಗಳ ಸ್ಕೂಲ್ ಬ್ಯಾಗಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಒಳಗೆ ಕಲೆಯಾದ ಯೂನಿಫಾರ್ಮ್ ಲಂಗ, ಮಡಚಿ ಮಡಚಿ ದಪ್ಪ ಮಾಡಿದ ನೋಟ್‌ಬುಕ್ ಹಾಳೆಗಳು.

"ಯಾವಾಗಿಂದ?"

"ಮೂರು ದಿನ ಆಯ್ತು. ಆಸ್ಪತ್ರೆಗೆ ಸೇರಿಸ್ತೀಯ ಅಂತ ಹೇಳ್ಲಿಲ್ಲ." ಕವರನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನನ್ನ ಬೆಂಚಿನವಳು ಇವತ್ತು ಹೇಳಿದ್ಲು, ಕಾಯಿಲೆ ಅಲ್ವಂತೆ. ನಿಂಗೆ ಗೊತ್ತಿತ್ತಾ ಅಮ್ಮ?"

ಸಂಜೆ ಭದ್ರಾವತಿಗೆ ಫೋನ್ ಮಾಡಿದೆ. ನನ್ನ ಅಮ್ಮನಿಗೆ ಸಂತೋಷ. "ಭಾನುವಾರ ಚಿಗಳಿ ಕುಟ್ಕೊಂಡು ಬರ್ತೀನಿ. ಆರತಿಗೆ ಬೀದಿಯವರನ್ನೆಲ್ಲ ಕರಿ ಮಾರಾಯ್ತಿ."

ಅಲ್ಲಿ, ಪೇಪರ್ ಮಿಲ್ಲಿನ ಕಾಗದನಗರ ಕ್ವಾರ್ಟರ್ಸಿನಲ್ಲಿ, ನಾನು ದೊಡ್ಡವಳಾದಾಗ ನನಗೂ ಹಾಗೆಯೇ ಮಾಡಿದ್ದರು. ಐದು ದಿನ ಮೂಲೆಯ ಚಾಪೆ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಸಂಜೆ ಹಸೆಮಣೆ. ನಮ್ಮ ಸಾಲಿನ ಹೆಂಗಸರೆಲ್ಲ ಬಂದು ಆರತಿ ಎತ್ತಿದರು. ಪಕ್ಕದ ಮನೆಯ ತಮಿಳು ಅತ್ತೆ ಮಲ್ಲಿಗೆ ಮುಡಿಸಿದರು. ಇಡೀ ಸಾಲಿಗೆ ಸುದ್ದಿ ಗೊತ್ತಿತ್ತು. ಏನಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಸಾಯುವವರಿಗೆ ಹೀಗೆ ಮಾಡುತ್ತಾರೇನೋ ಎಂದುಕೊಂಡು ಹಸೆಮಣೆಯ ಮೇಲೆ ಕೂತಿದ್ದೆ. ಆ ಹೆದರಿಕೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಚೀಟಿ ಬರೆದೆ.

ಆರತಿ ಬೇಡ ಎಂದಳು ಮಗಳು. ಅಮ್ಮನಿಗೆ ಹಾಗೆಯೇ ತಿಳಿಸಿದೆ. ರಾತ್ರಿ ಅವಳ ಪಕ್ಕ ಮಲಗಿ, ತಡವರಿಸುತ್ತಲೇ, ಗೊತ್ತಿದ್ದಷ್ಟನ್ನು ಹೇಳಿದೆ. ನಡುವೆ ಎರಡು ಕಡೆ ಅವಳೇ ನನ್ನನ್ನು ತಿದ್ದಿದಳು. ಬೆಂಚಿನವಳ ನೋಟ್‌ಬುಕ್ ನೋಡಿದ್ದಳಂತೆ.

ಮರುದಿನ ಶಾಲೆಗೆ ಹೋದೆ. ಟೀಚರ್ ಫೈಲಿನಿಂದ ನನ್ನ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಮನೇಲಿ ಹೇಳಿದ್ರಾ ಮೇಡಂ?" ಅವರ ದನಿಯಲ್ಲಿ ಕೊಂಕಿರಲಿಲ್ಲ.

"ಇಲ್ಲ. ನಿನ್ನೆ ಹೇಳಿದೆ."

ಅದರ ಕೆಳಗೆ ಇನ್ನೆರಡು ಚೀಟಿಗಳಿದ್ದವು. ಕೈಬರಹ ಬೇರೆ, ವಾಕ್ಯ ನನ್ನದೇ. ಆ ಇಬ್ಬರು ಹುಡುಗಿಯರ ಮನೆ ಎಲ್ಲಿ ಎಂದು ಕೇಳಿಕೊಂಡು ಹೊರಟೆ.