ಆಚೆ ದಡ ಕಾಣುವ ತನಕ

ನಮ್ಮೂರಲ್ಲಿ ಪ್ರತಿ ಮಳೆಗೂ ಒಂದು ನಕ್ಷತ್ರದ ಹೆಸರು. ಆ ಲೆಕ್ಕ ನಂಬಿ ಹೋದ ವರ್ಷ ಸೆಪ್ಟೆಂಬರಿನಲ್ಲಿ, ಉತ್ತರೆ ಮಳೆ ಮುಗಿಯಿತೆಂದು, ಸಿಂಗಪುರದ ಉತ್ತರ ತುದಿಯ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಂಡಿಗೆ ಹಾಕಿದೆ. ಮಧ್ಯಾಹ್ನವೇ ಮಳೆ ಬಡಿದು ಎಲ್ಲ ಗಂಜಿಯಾಯಿತು. ತಪ್ಪು ನನ್ನದೇ.

ಈ ವರ್ಷ ಮತ್ತೆ ಹಿಟ್ಟು ಕುದಿಸಿದಾಗ ಮಗಳು ಫೋನ್ ಹಿಡಿದು ಬಂದಳು. “ಅವ್ವಾ, ಇವತ್ತೂ ಗುಡುಗು ಮಳಿ ಅಂತ ತೋರಸ್ತದ. ಲಿಟಲ್ ಇಂಡಿಯಾದಾಗ ಪ್ಯಾಕೆಟ್ ತಂದ್ರಾತು.”

“ನಿನ್ನ ಫೋನ್ ದಿನಾ ಅದನ್ನ ಹೇಳ್ತದ. ಈ ಸಲಾನೂ ಕೆಟ್ರ ಮತ್ತ ಸಂಡಿಗಿ ಹೆಸರು ಎತ್ತಂಗಿಲ್ಲ,” ಎಂದೆ.

ವರ್ಷವಿಡೀ ಕಿಟಕಿಯಲ್ಲಿ ಕೂತು ನಾನು ಕಲಿತದ್ದು ಒಂದೇ. ನೀರಿನಾಚೆ ಕಾಣುವ ಮಲೇಷ್ಯಾದ ದಡ ಮಸುಕಾದರೆ ಮಳೆ ಇತ್ತ ಹೊರಟಿದೆ. ಮೂರು ದಿನ ಆ ದಡದ ಮೇಲಿನ ಕಣ್ಣು ಕೀಳಲಿಲ್ಲ. ಮಸುಕಾದಾಗಲೆಲ್ಲ ಸಂಡಿಗೆ ಹಾಕಿದ್ದ ಪ್ಲಾಸ್ಟಿಕ್ ಹಾಳೆಯನ್ನು ಒಳಗೆಳೆಯಲು ಮೊಮ್ಮಗಳನ್ನು ಕೂಗಿದೆ.

“ಸನ್ ಇದೆ ಲಾ, ಅಜ್ಜಿ!” ಇಲ್ಲಿಯವರ ಹಾಗೆ ಮಾತಿಗೊಂದು ‘ಲಾ’ ಹಚ್ಚಿ ಅವಳೆಂದಳು.

“ಬಾಯಿ ಮುಚ್ಚಿ ಹಾಳಿ ಎಳಿ.”

ಹಾಳೆ ಒಳಗೆ ಬಂದ ಮೇಲೆಯೇ ಪ್ರತಿ ಸಲವೂ ಮಳೆ ಬಂತು. ನಾಲ್ಕನೆಯ ದಿನ ಸಂಡಿಗೆ ಡಬ್ಬಿಯಲ್ಲಿ ಗಲಗಲ ಅಂದಿತು.

ಈಗ ಮಗಳು ಬಟ್ಟೆ ಒಣಹಾಕುವ ಮೊದಲು ಕೇಳುತ್ತಾಳೆ, “ಅವ್ವಾ, ದಡಾ ಕಾಣ್ತದೇನು?”