ವಿಲಾಯ್ತಿ ಮುದುಕನ ಮೂಗು

ಆ ಮುದುಕನ ಮೂಗನ್ನು ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಕೊಳೆಯಲು ಶುರುವಾದ ಬದನೆಕಾಯಿಯಂತೆ ತುದಿ ಊದಿಕೊಂಡ ಮೂಗು. ಯಾವುದೋ ಕಾಲದ ವಿಲಾಯ್ತಿ ಕಲಾವಿದನೊಬ್ಬ ಬರೆದ ಭಾವಚಿತ್ರ ಅದು. ಅದರ ಅಚ್ಚಿನ ಪ್ರತಿಯನ್ನು ಎದುರಿಗಿಟ್ಟುಕೊಂಡು ಎಣ್ಣೆ ಬಣ್ಣದಲ್ಲಿ ನಕಲು ಮಾಡುವುದೇ ಆಗ ನನ್ನ ಕಲಿಕೆ.

ನನಗೆ ಬೇಕಿದ್ದದ್ದು ನಮ್ಮಜ್ಜಿಯ ಮುಖ. ಅವಳ ಕಣ್ಣು ಆಗಲೇ ಮಂಜಾಗಿತ್ತು. ಎದ್ದು ಕೂರುವ ಶಕ್ತಿ ಇರುವಾಗಲೇ ಅವಳನ್ನು ಬರೆದುಬಿಡಬೇಕೆಂದು, ಭಾನುವಾರ ಬಂದರೆ ಮಾಗಡಿಯಿಂದ ಬಸ್ಸು ಹಿಡಿದು ರಾಮನಗರದ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗುತ್ತಿದ್ದೆ. ಅವರದು ಒಂದೇ ಹಟ.

"ನಿಮ್ಮಜ್ಜಿ ಎಲ್ಲೂ ಓಡೋಗಾಕಿಲ್ಲ ಕಣಯ್ಯ. ಮೊದ್ಲು ಈ ಮೂಗು ಬರ್ಲಿ" ಎಂದು, ನನ್ನ ಹಸಿ ಬಣ್ಣವನ್ನು ಉಗುರಿನಿಂದ ಗೀರಿ ತೋರಿಸುತ್ತಿದ್ದರು. ಉಗುರನ್ನು ಪಂಚೆಗೆ ಒರೆಸಿಕೊಂಡು ಅದೇ ಕೈಯಲ್ಲಿ ಅಡಿಕೆ ಬಾಯಿಗೆ ಹಾಕಿಕೊಳ್ಳುವರು. ಅಸಹ್ಯ.

ಮನೆಯಲ್ಲೂ ಅದೇ ಗೋಳು. ಅಗಸೆ ಎಣ್ಣೆ, ಟರ್ಪಂಟೈನ್ ನಾತ ಕೈ ಎಷ್ಟು ತೊಳೆದರೂ ಹೋಗದೆ, ಮುರಿದ ಮುದ್ದೆಗೂ ಹತ್ತುತ್ತಿತ್ತು. ಕೊನೆಗೊಂದು ಭಾನುವಾರ ಮೇಷ್ಟ್ರು, ಮೂಗು ಪರವಾಗಿಲ್ಲ, ಹಣೆಯೊಂದನ್ನು ಮನೆಯಲ್ಲಿ ಮುಗಿಸಿ ತಂದರೆ ಅಜ್ಜಿಯನ್ನು ಶುರು ಮಾಡಬಹುದು ಎಂದರು. ಹಣೆ ಮುಗಿಸಿ, ಒಣಗಲೆಂದು ಚಿತ್ರವನ್ನು ನಡುಮನೆಯ ಗೋಡೆಗೆ ನೇತುಹಾಕಿದೆ.

ಬೆಳಿಗ್ಗೆ ಎದ್ದು ನೋಡಿದರೆ ಆ ಹಸಿ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮೇಲುಗಡೆ ಸಿಕ್ಕಿಸಿದ ಕಣಗಿಲೆ ಹೂ. ನಮ್ಮ ಮನೆಯಲ್ಲಿ ಗೋಡೆ ಏರಿದ ಮುದುಕರೆಲ್ಲ ತೀರಿಹೋದ ಹಿರಿಯರೇ, ಅಜ್ಜಿಗೆ ಬೇರೆ ಥರ ಗೊತ್ತಿಲ್ಲ. ಸಿಟ್ಟು ನೆತ್ತಿಗೇರಿತು.

"ಯಾವನೋ ಗೊತ್ತಿಲ್ಲದೋನು ಕಣಜ್ಜಿ ಅವ್ನು" ಎಂದೆ.

ಅಜ್ಜಿ ಬೆರಳಿಗೆ ಮೆತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು. "ನಿಮ್ ತಾತನ್ನ ಬರ್ದಿದ್ದೀಯ ಅಂದ್ಕಂಡೆ. ಅವ್ರುದು ಒಂದ್ ಫೋಟೋನೂ ಇಲ್ವಲ್ಲ ಮಗ."

"ನಿನ್ನ ಬರಿಯಾಕೆ ಅಂತ ಕಲೀತಿರೋದು ನಾನು."

"ನನ್ ಮೊಖ ಯಾಕೆ? ಮೊಬೈಲ್ನಾಗೆ ಬೇಕಾದಷ್ಟು ಐತೆ." ಚಿತ್ರದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ಒಸಿ ಅವ್ರಂಗೇ ಐತೆ. ಮೂಗೊಂದು ಸಣ್ಣ ಮಾಡ್ಬುಟ್ರೆ ಅವ್ರೇ."

ಬಣ್ಣ ಕೆರೆಯುವ ಚಾಕು ತಂದು, ಮೇಷ್ಟ್ರು ಒಪ್ಪಿದ ಆ ಮೂಗನ್ನು ಪೂರ್ತಿ ಕೆರೆದು ಹಾಕಿದೆ. ಆಮೇಲೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಎಷ್ಟು ಸಣ್ಣ? ಹೇಳು" ಎಂದೆ.